ಫ್ಯಾನ್ ಹಾಕ್ಕೊಂಡು ಅಣೆಕಟ್ಟು ಬೇಡ ಅನ್ನಬಹುದಾ?

ಅಣೆಕಟ್ಟು ಬೇಡ ಅನ್ನೋರ ಬಾಯಿ ಮುಚ್ಚಿಸೋಕೆ ಒಂದು ಸುಲಭದ ಪ್ರಶ್ನೆ ಇದೆ: ‘ನಿಮ್ಮ ಮನೇಲಿ ಕರೆಂಟ್ ಇಲ್ವಾ?’ ಶರಾವತಿ ಪಂಪ್ಡ್ ಸ್ಟೋರೇಜ್ ವಿಚಾರ ಬಂದಾಗಲೆಲ್ಲ ಬೆಂಗಳೂರಿನಲ್ಲಿ ನಾನು ಕೇಳೋದು ಇದನ್ನೇ. ಗೇರುಸೊಪ್ಪದ ನೀರನ್ನು ತಲಕಳಲೆಗೆ ಪಂಪ್ ಮಾಡಿ, ಬೇಡಿಕೆ ಏರಿದಾಗ ಕೆಳಗೆ ಬಿಟ್ಟು 2,000 ಮೆಗಾವಾಟ್ ತೆಗೆಯೋ ಯೋಜನೆ ಅದು. ಮೇಲೇರಿಸೋಕೆ ಖರ್ಚಾದಷ್ಟು ಕರೆಂಟ್ ವಾಪಸ್ ಬರಲ್ಲ. ಸಂಜೆಯ ಹೊತ್ತಿಗೆ ಸಿಗುತ್ತೆ ಅನ್ನೋದೇ ಲಾಭ. ಆ ಸಂಜೆಯ ಕರೆಂಟ್ ಉರಿಸೋರು ನಾವೇ, ಸುಳ್ಳಲ್ಲ.

ಆದರೆ ಬಳಸೋದು ಅಂದ್ರೆ ಒಪ್ಪಿಕೊಂಡಂತೆ ಅಂತ ಯಾರು ಹೇಳಿದ್ರು? ಊಟ ಮಾಡೋನು ರೈತನ ಸಾಲದ ಬಗ್ಗೆ ಮಾತಾಡಬಾರದು ಅಂದ ಹಾಗಾಯ್ತು ಅದು. ಪ್ಲಗ್ಗಿನಲ್ಲಿ ಬರೋ ಕರೆಂಟ್ ಶರಾವತಿದೋ ರಾಯಚೂರಿನದೋ ಅಂತ ಆರಿಸಿಕೊಳ್ಳೋ ಸ್ವಿಚ್ ನಮ್ಮ ಗೋಡೆ ಮೇಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಮುಗಿದಾಗ ಮನೆ ಬಿಟ್ಟವರ ಮೊಮ್ಮಕ್ಕಳು ಇನ್ನೂ ಹಕ್ಕುಪತ್ರಕ್ಕೆ ಅಲೀತಿದ್ದಾರೆ. ಅವರ ಪರ ಮಾತಾಡೋ ಜವಾಬ್ದಾರಿ ಫ್ಯಾನ್ ಕೆಳಗೆ ಕೂತವನಿಗೆ ಹೆಚ್ಚೇ ಹೊರತು ಕಮ್ಮಿ ಅಲ್ಲ.

ಇಷ್ಟಾದರೆ ಲೇಖನ ಮುಗಿದು ಹೋಗುತ್ತಿತ್ತು. ನನ್ನ ಪೇಚು ಇರೋದು ಸವದತ್ತಿ ಕಡೆಯವನಾಗಿ.

ನಮ್ಮದು ಮಲಪ್ರಭೆ. ಕಣಕುಂಬಿಯಲ್ಲಿ ಹುಟ್ಟಿ, ಎಂ.ಕೆ. ಹುಬ್ಬಳ್ಳಿ ದಾಟಿ, ನವಿಲುತೀರ್ಥದ ಗುಡ್ಡಗಳ ಸಂದಿನಲ್ಲಿ ಡ್ಯಾಮಿಗೆ ಸಿಕ್ಕಿ, ರಾಮದುರ್ಗದ ಕಡೆ ಹೋಗೋ ಹೊಳೆ. 37.73 ಟಿಎಂಸಿ ಹಿಡಿಯೋ ರೇಣುಕಾಸಾಗರ ನೀರಾವರಿಗೆ ಕಟ್ಟಿದ್ದು; ಈಗ ಹುಬ್ಬಳ್ಳಿ-ಧಾರವಾಡಕ್ಕೆ ಕುಡಿಯೋ ನೀರನ್ನೂ ಕೊಡುತ್ತೆ. ಅದರ ತಳದಲ್ಲೂ ಯಾರದೋ ಎರೆ ಹೊಲ, ಯಾರದೋ ಹನುಮಪ್ಪನ ಗುಡಿ ಇದೆ. ಹಾಗಂತ ಆ ಡ್ಯಾಮ್ ಕಟ್ಟಬಾರದಿತ್ತು ಅಂತ ನಮ್ಮೂರ ಕಟ್ಟೆ ಮೇಲೆ ಕೂತು ಹೇಳಿ ನೋಡ್ರಿ!

ಲಾಭ ಪಟ್ಟವರ ಲೆಕ್ಕವಾದರೂ ಸರಿ ಇತ್ತಾ? ನೀರು ಸರಿಯಾಗಿ ತಲುಪದ ಹೊಲಗಳಿಗೂ ಬೆಟರ್‌ಮೆಂಟ್ ಲೆವಿ ಬಂತು. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗೋಲಿಬಾರ್ ಆಯ್ತು, ರೈತರು ಸತ್ತರು. 2019ರ ಆಗಸ್ಟಿನಲ್ಲಿ ಹೊಳೆ ರಾಮದುರ್ಗದೊಳಗೇ ನುಗ್ಗಿತು. ಅಲ್ಲಿರೋ ನಮ್ಮ ಚಿಗವ್ವ ಹೇಳಿದ ಮಾತು: “ನೀರು ಬೇಕಂತ ಕೈ ಮುಗದವರೂ ನಾವ, ನೀರ ಬಂದಾಗ ಗಂಟು ಕಟ್ಟಿ ಓಡಿದವರೂ ನಾವ.” ಲಾಭದವರು ಒಂದು ಊರು, ನಷ್ಟದವರು ಇನ್ನೊಂದು ಊರು ಅಂತ ಗೆರೆ ಎಳೆಯೋದು ನಕ್ಷೆ ಮೇಲಷ್ಟೇ ಸಾಧ್ಯ.

ಈಗ ಮಹದಾಯಿ. 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು. ಅದರಲ್ಲಿ ಕಳಸಾ-ಬಂಡೂರಿಯಿಂದ ಮಲಪ್ರಭೆಗೆ ತಿರುಗಿಸೋಕೆ ಸಿಕ್ಕಿದ್ದು 3.9. ವಿದ್ಯುತ್ತಿಗೆ 8.02! ಟರ್ಬೈನ್ ತಿರುಗಿಸಿದ ನೀರು ಹೊಳೆಗೇ ವಾಪಸ್ ಹೋಗುತ್ತೆ, ಅದಕ್ಕೇ ದೊಡ್ಡ ಅಂಕಿ, ಇರಲಿ. ಆದರೆ ನಮ್ಮ ಕಡೆಯ ಧರಣಿಗಳಲ್ಲಿ ಆ 8.02ರ ಸುದ್ದಿಯನ್ನು ಯಾರೂ ಎತ್ತಿದ್ದು ನಾನು ಕೇಳಿಲ್ಲ. ಅದಕ್ಕೆ ಎಷ್ಟು ಕಾಡು ಬೇಕು ಅಂತಲೂ ಇಲ್ಲ. ಖಾನಾಪುರದ ಕಾಡಂಚಿನವರು, ಬೆಳಗಾವಿಯ ಪರಿಸರದವರು ‘ಬೇಡ’ ಅಂದರೆ ಮಾತ್ರ ಅವರು ಗೋವಾದ ಏಜೆಂಟರು. ಶರಾವತಿಗಾಗಿ ಹೊನ್ನಾವರದವರು ‘ಬೇಡ’ ಅಂದರೆ ಪರಿಸರ ಪ್ರೇಮಿಗಳು. ಇದು ನ್ಯಾಯ ಅಲ್ಲ, ಊರಭಿಮಾನ ಅಷ್ಟೇ.

ಹಾಗಂತ ಎಲ್ಲಾ ಡ್ಯಾಮಿಗೂ ಒಂದೇ ಉತ್ತರ ಕೊಡಬೇಕು ಅಂತಲ್ಲ. ಪ್ರಶ್ನೆ ಮಾತ್ರ ಒಂದೇ ಇರಬೇಕು: ಅಲ್ಲಿರೋರನ್ನು ಮೊದಲು ಕೇಳಿದ್ರಾ, ‘ಬೇಡ’ ಅನ್ನೋ ಉತ್ತರಕ್ಕೆ ಜಾಗ ಇತ್ತಾ? ಬೇಡ್ತಿಯಲ್ಲಿ ಜಾಗ ಮಾಡಿಕೊಂಡರು. ಉತ್ತರ ಕನ್ನಡದ ಅಡಿಕೆ ಬೆಳೆಗಾರರು ತಮ್ಮ ಸಹಕಾರ ಸಂಘದ ಬಲದ ಮೇಲೆ ಯೋಜನೆಯ ಲೆಕ್ಕವನ್ನೇ ಬಿಚ್ಚಿದರು. 1981ರಲ್ಲಿ ಸಿರ್ಸಿಯಲ್ಲಿ ವಿಜ್ಞಾನಿಗಳನ್ನು ಕೂರಿಸಿಕೊಂಡು ಕಾಡು, ತೋಟ, ಮೆಣಸಿನ ಬೆಲೆಯನ್ನೂ ಖರ್ಚಿನ ಕಡೆಗೆ ಬರೆಯಿರಿ ಅಂದರು. ಯೋಜನೆ ನಿಂತಿತು. ಖುಷಿಯ ಕತೆಯೇ. ಆದರೂ ನನಗೆ ಕಸಿವಿಸಿ. ಅವರಿಗೆ ಸಂಘ ಇತ್ತು, ಓದು ಇತ್ತು, ನಾಲ್ಕು ಕಾಸಿತ್ತು. ಲಿಂಗನಮಕ್ಕಿಯ ಗೇಣಿದಾರನಿಗೆ ಅದ್ಯಾವುದೂ ಇರಲಿಲ್ಲ. ‘ಬೇಡ’ಕ್ಕೆ ಬೆಲೆ ಬರೋದು ಹೇಳೋನ ಜೇಬು ನೋಡಿ ಅಂದರೆ, ಬೇಡ್ತಿಯ ಗೆಲುವನ್ನು ನ್ಯಾಯದ ಗೆಲುವು ಅಂತ ಪೂರ್ತಿ ಕರೆಯೋಕಾಗಲ್ಲ.

ಶರಾವತಿಯ ಅರ್ಜಿಗೆ ಸಹಿ ಹಾಕಿದೀನಿ. ಕಳಸಾ-ಬಂಡೂರಿ ಬಗ್ಗೆ ಅಪ್ಪ ಫೋನಿನಲ್ಲಿ ಕೇಳಿದರು, “ಹಂಗಾರ ನೀ ಯಾರ ಕಡೆ?” ಮೊದಲ ಖಾನಾಪುರದ ಹಳ್ಳಿ ಮಂದೀನ ಗ್ರಾಮಸಭಾದಾಗ ಕೇಳ್ಬೇಕಲ್ಲ, ಅವರ ಭಾಷೆಯೊಳಗ ಎಲ್ಲಾ ಕಾಗದಪತ್ರ ಕೊಟ್ಟು, ಅಂದೆ.

“ಕೇಳಿದ್ಮ್ಯಾಲ ಅವರು ಬ್ಯಾಡ ಅಂದ್ರ? ಬ್ಯಾಸಗಿಗೆ ಇಲ್ಲಿ ನೀರ ಎಲ್ಲಿಂದ ತರೂದು?”

ಅಪ್ಪನಿಗೆ ಇನ್ನೂ ಉತ್ತರ ಕೊಟ್ಟಿಲ್ಲ.