ಐದನೆಯ ಉತ್ತರ

ಮಗನನ್ನೋ ಮಗಳನ್ನೋ ವೈದ್ಯರನ್ನಾಗಿಸಬೇಕೆಂಬ ಹಂಬಲ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸಾಧಾರಣ ಮನೆಗಳಲ್ಲೂ ಇದೆ. ಇಲ್ಲಿ ಸರ್ಕಾರಿ ಸೀಟು ದೊರೆಯದೆ, ಖಾಸಗಿ ಕಾಲೇಜಿನ ಶುಲ್ಕವನ್ನು ಭರಿಸಲಾಗದೆ ರಷ್ಯಾ, ಕಿರ್ಗಿಸ್ತಾನ, ಫಿಲಿಪ್ಪೀನ್ಸ್ ಮೊದಲಾದ ದೇಶಗಳಿಗೆ ಮಕ್ಕಳನ್ನು ಕಳುಹಿಸುವವರು ನಾಡಿನಾದ್ಯಂತ ಇದ್ದಾರೆ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್ ನಗರದಲ್ಲಿ, ನಮ್ಮ ನೆರೆಯ ಹಾವೇರಿ ಜಿಲ್ಲೆಯ ವೈದ್ಯವಿದ್ಯಾರ್ಥಿಯೊಬ್ಬನು ಯುದ್ಧಕ್ಕೆ ಬಲಿಯಾದಾಗ ಈ ಸಂಗತಿ ಎಲ್ಲರ ಕಣ್ಣಿಗೂ ಬಿತ್ತು.

ಹಾಗೆ ಓದಿ ಮರಳಿದವರು ಇಲ್ಲಿ ವೃತ್ತಿ ನಡೆಸಬೇಕಾದರೆ 2002ರಿಂದ ನಡೆಯುತ್ತಿರುವ ಎಫ್.ಎಂ.ಜಿ.ಇ. ಎಂಬ ಪರೀಕ್ಷೆಯನ್ನು ದಾಟಬೇಕು. ಒಟ್ಟು 300 ಪ್ರಶ್ನೆಗಳು. ಪ್ರತಿಯೊಂದಕ್ಕೂ ನಾಲ್ಕು ಉತ್ತರಗಳು, ಅವುಗಳಲ್ಲಿ ಒಂದು ಸರಿ. 150 ಅಂಕ ಬಂದರೆ ತೇರ್ಗಡೆ. ಇತ್ತೀಚಿನ ವರ್ಷಗಳಲ್ಲಿ ಹಲವು ಬಾರಿ ಐವರಲ್ಲಿ ಒಬ್ಬರಷ್ಟೇ ತೇರ್ಗಡೆಯಾಗಿದ್ದಾರೆ. ಅಡಿಕೆ ತೋಟದ ಮೇಲೆ ಸಾಲ ಪಡೆದು ಓದಿಸಿದ ತಂದೆತಾಯಂದಿರಿಗೆ ಈ ಅಂಕಿಯ ಭಾರವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಆದ್ದರಿಂದಲೇ ಮಕ್ಕಳು ಪುಸ್ತಕವನ್ನು ಬದಿಗಿಟ್ಟು ಅಭ್ಯಾಸ ಪ್ರಶ್ನೆಗಳಿಗೆ ಶರಣಾಗುತ್ತಾರೆ. ಮೊಬೈಲಿನಲ್ಲಿ ಸಾವಿರಾರು ಪ್ರಶ್ನೆಗಳು. ಉತ್ತರ ಒತ್ತಿದೊಡನೆ ಹಸಿರು ಅಥವಾ ಕೆಂಪು. ಇದು ವಿದ್ಯೆಯೇ, ಅಥವಾ ವಿದ್ಯೆಯ ವೇಷವೇ ಎಂದು ಕೆಲವು ಹಿರಿಯರು ಕೇಳುತ್ತಾರೆ.

ಅಭ್ಯಾಸ ಪ್ರಶ್ನೆಯನ್ನು ಹೀಗಳೆಯಲು ನನಗೆ ಮನಸ್ಸಿಲ್ಲ. ಗುರುಮಠದಲ್ಲಿ ನೀತಿಶಾಸ್ತ್ರ ಕಲಿತ ನಾವೂ ಕಲ್ಪಿತ ಸಂದರ್ಭಗಳ ಮೇಲೆಯೇ ಬುದ್ಧಿಯನ್ನು ಸಾಣೆ ಹಿಡಿದವರು. ಇಂತಹವನು ಇಂತಹ ಪಾಪವನ್ನು ನಿವೇದಿಸಿದರೆ ನೀನು ಏನು ಹೇಳುವೆ, ಏನನ್ನು ಕೇಳುವೆ ಎಂದು ಪ್ರಾಧ್ಯಾಪಕರು ಒಡ್ಡುತ್ತಿದ್ದರು. ಧರ್ಮಸಭೆಯ ಕಾನೂನು ಸಂಹಿತೆಯ 970ನೆಯ ವಿಧಿಯ ಪ್ರಕಾರ, ಪರೀಕ್ಷೆಯಿಂದ ಅಥವಾ ಬೇರೆ ರೀತಿಯಿಂದ ಯೋಗ್ಯತೆ ಖಚಿತವಾಗದೆ ಯಾವ ಗುರುವಿಗೂ ಪಾಪನಿವೇದನೆ ಕೇಳುವ ಅಧಿಕಾರವಿಲ್ಲ. ಅಪರಿಚಿತರು ತಮ್ಮ ಆತ್ಮವನ್ನೋ ದೇಹವನ್ನೋ ಒಪ್ಪಿಸುವ ಕೈಗಳನ್ನು ಮೊದಲೇ ಪರೀಕ್ಷಿಸಿ ನೋಡುವುದು ನ್ಯಾಯವೇ ಆಗಿದೆ.

ನಮ್ಮ ನೆಲದ್ದೇ ಒಂದು ಪ್ರಶ್ನೆಯನ್ನು ನೋಡೋಣ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜನರು ಜ್ವರದಿಂದ ನರಳಿದಾಗ ಪತ್ತೆಯಾದ ರೋಗ ಆ ಊರಿನ ಹೆಸರಿನಿಂದಲೇ ವೈದ್ಯಗ್ರಂಥಗಳನ್ನು ಸೇರಿತು. ನಾವು ಅದನ್ನು ಮಂಗನ ಕಾಯಿಲೆ ಎನ್ನುತ್ತೇವೆ. ರೋಗಿಗೆ ತೀವ್ರ ಜ್ವರ, ತಲೆನೋವು, ಮೈಕೈ ನೋವು. ಸಮೀಪದ ಕಾಡಿನಲ್ಲಿ ಮಂಗಗಳು ಸತ್ತಿವೆ. ರೋಗ ಹರಡುವುದು ಯಾವುದರಿಂದ? ಸೊಳ್ಳೆ, ಉಣುಗು, ಚಿಗಟ, ಹೇನು. ಮಲೆನಾಡನ್ನು ಕಂಡೇ ಇರದ ದೆಹಲಿಯ ಹುಡುಗನೂ ಹತ್ತು ಸೆಕೆಂಡಿನಲ್ಲಿ ‘ಉಣುಗು’ ಎಂದು ಒತ್ತುತ್ತಾನೆ. ಅವನ ಉತ್ತರ ಸರಿ.

ಆದರೆ ಸತ್ತ ಮಂಗವನ್ನು ಅವನ ಮುಂದೆ ತಂದಿಟ್ಟವರು ಯಾರು? ಪ್ರಶ್ನೆ ಬರೆದವರು. ಆಸ್ಪತ್ರೆಗೆ ಬಂದ ಕೂಲಿಕಾರ ತಾನಾಗಿಯೇ ಮಂಗದ ಸುದ್ದಿ ಎತ್ತುವುದಿಲ್ಲ. ‘ಜ್ವರ ಡಾಕ್ಟ್ರೇ, ತಲೆ ಸಿಡೀತದೆ’ ಎಂದಷ್ಟೇ ಹೇಳಿ ಸುಮ್ಮನಾಗುತ್ತಾನೆ. ದರಗು ಗುಡಿಸಲು, ಸೌದೆಗೆ ಕಾಡಿಗೆ ಹೋಗಿದ್ದೆಯಾ ಎಂದು ಕೇಳಬೇಕಾದವರು ವೈದ್ಯರು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಈ ರೋಗ ಮನೆಮನೆಗಳನ್ನು ಕಾಡಿದಾಗ, ರೋಗಿಗಳನ್ನು ಮಣಿಪಾಲದವರೆಗೂ ಒಯ್ದ ನೆನಪು ಇಲ್ಲಿ ಇನ್ನೂ ಹಸಿಯಾಗಿದೆ. ಅಭ್ಯಾಸ ಪ್ರಶ್ನೆಯಲ್ಲಿ ತಪ್ಪಾಯ್ಕೆಗಳಾಗಿ ನಿಲ್ಲುವ ಡೆಂಗಿ, ಮಲೇರಿಯಾ, ಇಲಿಜ್ವರಗಳು ಹೊರರೋಗಿ ವಿಭಾಗದಲ್ಲಿ ಅದೇ ಬೆಂಚಿನ ಮೇಲೆ ಕುಳಿತಿರುತ್ತವೆ. ಸರಿಯುತ್ತರವನ್ನು ಮಾತ್ರ ಉರುಹೊಡೆದವನಿಗೆ ಈ ಮೂರು ಕೇವಲ ಕಸ. ಅವು ಏಕೆ ತಪ್ಪೆಂದು ಓದಿದವನಿಗೆ ಮೂರು ಹೊಸ ಪಾಠಗಳು. ಉತ್ತರಗಳೂ ಹಳತಾಗುತ್ತವೆ. ಮಂಗನ ಕಾಯಿಲೆಗೆ ಲಸಿಕೆಯುಂಟು ಎಂದು ಹಳೆಯ ಪ್ರಶ್ನಕೋಶಗಳು ಕಲಿಸಿದವು. ಅದರ ಪರಿಣಾಮ ಸಾಲದೆಂದು ಕಂಡುಬಂದು 2022ರಲ್ಲಿ ಆ ಲಸಿಕೆ ಹಾಕುವುದು ನಿಂತಿತು.

ಒಂದು ಲೆಕ್ಕ ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. ಈ ಪರೀಕ್ಷೆಯಲ್ಲಿ ತಪ್ಪುತ್ತರಕ್ಕೆ ಅಂಕ ಕಡಿತವಿಲ್ಲ. 100 ಪ್ರಶ್ನೆಗಳಿಗೆ ಉತ್ತರವನ್ನು ನಿಜವಾಗಿ ಬಲ್ಲವನು ಉಳಿದ 200ಕ್ಕೆ ಕಣ್ಣುಮುಚ್ಚಿ ಗುರುತು ಹಾಕಿದರೆ, ನಾಲ್ಕರಲ್ಲೊಂದರಂತೆ ಸರಾಸರಿ 50 ಸರಿಯಾಗಬಹುದು, ಅಲ್ಲಿಗೆ 150! ಊಹಿಸುವುದು ಅಲ್ಲಿ ಅಪರಾಧವಲ್ಲ. ಖಾಲಿ ಬಿಡುವುದೇ ದಡ್ಡತನ. ಆದರೆ ವರ್ಷಾನುಗಟ್ಟಲೆ ಹೀಗೆ ಪಳಗಿದ ಮನಸ್ಸು ರೋಗಿಯ ಮುಂದೆಯೂ ಊಹೆಯನ್ನು ಜ್ಞಾನವೆಂದು ಭ್ರಮಿಸುವ ಅಪಾಯವಿದೆ. ‘ನನಗೆ ತಿಳಿಯುತ್ತಿಲ್ಲ, ಶಿವಮೊಗ್ಗಕ್ಕೆ ಕಳುಹಿಸುತ್ತೇನೆ’ ಎಂಬ ಐದನೆಯ ಉತ್ತರ ಯಾವ ಪ್ರಶ್ನೆಪತ್ರಿಕೆಯಲ್ಲೂ ಇರುವುದಿಲ್ಲ. ತೀರ್ಥಹಳ್ಳಿಯ ಮಳೆಗಾಲದ ರಾತ್ರಿಯಲ್ಲಿ ಪ್ರಾಣ ಉಳಿಸುವುದು ಹಲವು ವೇಳೆ ಅದೇ. ಮನೆಯಲ್ಲಿ ಅಭ್ಯಾಸ ಮಾಡುವ ವಿದ್ಯಾರ್ಥಿಗೆ ಅದನ್ನು ತಾನೇ ಸೇರಿಸಿಕೊಳ್ಳುವ ಸ್ವಾತಂತ್ರ್ಯವಿದೆ: ಪ್ರತಿ ಉತ್ತರದ ಪಕ್ಕದಲ್ಲಿ ‘ತಿಳಿದಿತ್ತು’ ಅಥವಾ ‘ಊಹೆ’ ಎಂದು ಬರೆದುಕೊಂಡು, ಊಹೆಯಿಂದ ಸರಿಯಾದವನ್ನೂ ತಪ್ಪುಗಳ ಜೊತೆಗೇ ಎಣಿಸಬಹುದು. ಅಂಕ ಕುಸಿಯುತ್ತದೆ, ಉಳಿದ ಅಂಕ ಸತ್ಯವಾಗಿರುತ್ತದೆ.

ಇನ್ನೂ ಕಠಿಣವಾದ ವಿಷಯವೊಂದಿದೆ. ಪರೀಕ್ಷೆ ಬರೆಯುವವರು ಪ್ರಶ್ನೆಗಳನ್ನು ಹೊರಗೆ ಹೇಳುವುದಿಲ್ಲವೆಂದು ಒಪ್ಪಿಕೊಂಡೇ ಒಳಗೆ ಹೋಗುತ್ತಾರೆ. ಆದರೂ ನೆನಪಿನಿಂದ ಬರೆದ ಪ್ರಶ್ನೆಗಳು ‘ರೀಕಾಲ್’ ಎಂಬ ಹೆಸರಿನಲ್ಲಿ ಕೈಯಿಂದ ಕೈಗೆ ಹರಿದಾಡುತ್ತವೆ. ಎಲ್ಲರೂ ಓದುತ್ತಾರೆ, ನಮ್ಮ ಮಗಳು ಮಾತ್ರ ಹರಿಶ್ಚಂದ್ರಳಾಗಬೇಕೇ ಎಂದು ತಾಯಿಯೊಬ್ಬರು ಕೇಳಿದರೆ, ಆ ಮಾತಿನ ಹಿಂದಿರುವ ಸಾಲದ ಬಡ್ಡಿಯನ್ನು ನಾನು ಮರೆಯಲಾರೆ. ಯಾವ ವಿಷಯದಿಂದ ಹೆಚ್ಚು ಪ್ರಶ್ನೆಗಳು ಬರುತ್ತವೆಂದು ಅರಿತು ಅದನ್ನು ಚೆನ್ನಾಗಿ ಓದುವುದರಲ್ಲಿ ನನಗೆ ದೋಷ ಕಾಣುವುದಿಲ್ಲ. ಮಾತು ಮುರಿದು ಹೊರತಂದ ಪ್ರಶ್ನೆಗೆ ‘ಬಿ’ ಎಂಬ ಅಕ್ಷರವನ್ನಷ್ಟೇ ಕಂಠಪಾಠ ಮಾಡುವುದು ಬೇರೆ. ಅದರಿಂದ ಮೋಸಹೋಗುವುದು ದೂರದ ಪರೀಕ್ಷಾ ಮಂಡಳಿ ಮಾತ್ರ ಎಂದು ಭಾವಿಸುತ್ತೇವೆ. ಪರವಾನಗಿ ಎಂಬುದು ಆ ಕೊಠಡಿಯಲ್ಲಿಲ್ಲದ ಮೂರನೆಯವನಿಗೆ ಕೊಡುವ ಭರವಸೆ. ವೈದ್ಯನಿಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂದು ಅಳೆಯಲು ಅರಳಗೋಡಿನ ಕೂಲಿಕಾರನಿಗೆ ಯಾವ ಸಾಧನವೂ ಇಲ್ಲ. ಗೋಡೆಯ ಮೇಲಿನ ಆ ಪ್ರಮಾಣಪತ್ರವನ್ನು ಅವನು ಓದುವುದೂ ಇಲ್ಲ, ಸುಮ್ಮನೆ ನಂಬಿ ಕೈ ಚಾಚುತ್ತಾನೆ.

ಎರಡನೆಯ, ಮೂರನೆಯ ಬಾರಿ ಪರೀಕ್ಷೆಗೆ ಕುಳಿತಿರುವ ಮಕ್ಕಳ ಮನೆಗಳಲ್ಲಿ ಊಟದ ಹೊತ್ತಿಗೆ ‘ಇವತ್ತು ಎಷ್ಟು ಬಂತು?’ ಎಂಬ ಪ್ರಶ್ನೆ ಏಳುವುದು ಸಹಜ. ‘ಇವತ್ತು ಯಾವುದು ತಪ್ಪಿತು? ಏಕೆ?’ ಎಂದು ಕೇಳಿ ನೋಡಬಹುದು. ಹೇಳಿದ್ದು ನಮಗೆ ಅರ್ಥವಾಗದಿದ್ದರೂ ಚಿಂತೆಯಿಲ್ಲ. ವೈದ್ಯಶಾಸ್ತ್ರ ಓದದ ತಾಯಿಗೆ ತಿಳಿಯುವಂತೆ ಬಿಡಿಸಿ ಹೇಳುವ ಅಭ್ಯಾಸ ಮುಂದೆ ರೋಗಿಯ ಎದುರಿನಲ್ಲೂ ಬೇಕಾಗುತ್ತದೆ.