ಕಾಲಿಗೆ ಕಲಿಸುವ ಆಕಾಶ

ಡಕೋಟಾ ವಿಮಾನ ನೆಲದ ಮೇಲೆ ನಿಂತಾಗಲೂ ಮೂಗನ್ನು ಮುಗಿಲಿಗೆ ಎತ್ತಿಕೊಂಡೇ ನಿಂತಿರುತ್ತದೆ. ರೆಕ್ಕೆಗಳ ಅಡಿಯಲ್ಲಿ ಎರಡು ದೊಡ್ಡ ಗಾಲಿಗಳು, ಬಾಲದ ತುದಿಯಲ್ಲಿ ಒಂದು ಪುಟ್ಟ ಗಾಲಿ. ಹೀಗಾಗಿ ಹಿಂದಿನ ಬಾಗಿಲಿನಿಂದ ಒಳಹೊಕ್ಕವರು ಓರೆಯಾದ ನೆಲಹಾಸಿನ ಮೇಲೆ ಏರುತ್ತ ಏರುತ್ತ ಹೋಗಿ ಪೈಲಟ್ಟಿನ ಆಸನ ಮುಟ್ಟಬೇಕು. ಅಲ್ಲಿ ಕೂತು ಗಾಜಿನಾಚೆ ನೋಡಿದರೆ ಎದುರಿಗೆ ದಾರಿ ಸರಿಯಾಗಿ ಕಾಣುವುದಿಲ್ಲ, ಬರೀ ಆಕಾಶ. ಪಕ್ಕದ ಕಿಟಕಿಯಲ್ಲಿ ಸರಿದುಹೋಗುವ ಹುಲ್ಲಿನ ಅಂಚು, ರನ್‌ವೇಯ ಬಿಳಿ ಗೆರೆಯ ಒಂದು ತುಣುಕು, ಇಷ್ಟನ್ನೇ ನೆಚ್ಚಿಕೊಂಡು ಮುಂದೆ ಸಾಗಬೇಕು. ಹಾರಲು ಬಂದವನಿಗೆ ಈ ಹಳೆಯ ಜೋಡಿ ಎಂಜಿನ್ನಿನ ವಿಮಾನ ಕೊಡುವ ಮೊದಲ ಪಾಠ, ಕಾಣದ ನೆಲದ ಮೇಲೆ ನಿಧಾನವಾಗಿ ನಡೆಯುವುದು.

ನಮ್ಮ ಸಾವಳಗಿಯ ಆಕಾಶದಲ್ಲಿ ವಿಮಾನವೆಂದರೆ ತೀರ ಎತ್ತರದಲ್ಲಿ ಎಳೆದ ಒಂದು ಬೆಳ್ಳನೆಯ ಗೆರೆ. ಕಪ್ಪು ಎರೆಯ ಮೇಲೆ ಬಿಳಿಜೋಳ ತೆನೆ ಬಾಗಿಸಿ ನಿಂತ ಚಳಿಗಾಲದ ಮುಂಜಾವಿನಲ್ಲಿ, ದ್ರಾಕ್ಷಿ ಹಂದರದ ಎಲೆಗಳಿಂದ ಇಬ್ಬನಿ ತೊಟ್ಟಿಕ್ಕುವ ಹೊತ್ತಿನಲ್ಲಿ, ಆ ಗೆರೆ ಸದ್ದಿಲ್ಲದೆ ಮೂಡಿ ಸದ್ದಿಲ್ಲದೆ ಅಳಿಸಿಹೋಗುತ್ತದೆ. ಸದ್ದು ಕೆಳಗಿಳಿದು ಬರುವಷ್ಟರಲ್ಲಿ ವಿಮಾನ ಕೃಷ್ಣೆಯ ಆಚೆ ದಂಡೆ ದಾಟಿರುತ್ತದೆ. ಅಷ್ಟು ದೂರದ ಗೆರೆಯಲ್ಲಿ ಕೈಯಾಗಲಿ ಕಾಲಾಗಲಿ ಬೆವರಾಗಲಿ ಕಾಣುವುದಿಲ್ಲ. ಹಳೆಯ ಡಕೋಟಾದ ಸಂಗತಿ ಹಾಗಲ್ಲ. ಅದರ ಹಾರಾಟದ ಪ್ರತಿ ಗಳಿಗೆಯಲ್ಲೂ ಒಂದು ಮನುಷ್ಯದೇಹ ಎಚ್ಚರವಾಗಿ ದುಡಿಯುತ್ತಿರುತ್ತದೆ.

ಅದನ್ನು ಎಬ್ಬಿಸುವುದೇ ಒಂದು ಪ್ರಾತಃಕಾಲದ ಸೇವೆ. ಒಂದೊಂದು ಎಂಜಿನ್ನಿನಲ್ಲೂ ಹದಿನಾಲ್ಕು ಸಿಲಿಂಡರುಗಳು, ಎರಡು ಸಾಲಾಗಿ, ನಡುವಿನ ಅಚ್ಚಿನ ಸುತ್ತ ದಳದಳವಾಗಿ ಹರಡಿಕೊಂಡಿರುತ್ತವೆ. ವಿಮಾನ ಸುಮ್ಮನೆ ನಿಂತಿದ್ದಾಗ ಎಣ್ಣೆ ಕೆಳಗಿನ ಸಿಲಿಂಡರುಗಳಿಗೆ ಇಳಿದು ಮಡುಗಟ್ಟುತ್ತದೆ. ಹಾಗೆಯೇ ಚಾಲೂ ಮಾಡಿದರೆ ಒಳಗಿನ ಉಕ್ಕೇ ಮುರಿದೀತು. ಅದಕ್ಕೇ ಸಿಬ್ಬಂದಿ ಪ್ರೊಪೆಲ್ಲರಿನ ಅಲಗುಗಳನ್ನು ಕೈಯಿಂದ ಹಿಡಿದು, ಒಂದಾದ ಮೇಲೊಂದರಂತೆ, ಎಣಿಸುತ್ತ ತಿರುಗಿಸುತ್ತಾರೆ. ತಣ್ಣಗಿನ ಲೋಹದೊಳಗೆ ಎಲ್ಲಿ ಬಿಗಿ ಇದೆ, ಎಲ್ಲಿ ಸಲೀಸು ಎಂಬುದು ಅಂಗೈಗೆ ತಿಳಿಯುತ್ತದೆ. ಆಮೇಲೆ ಕಾಕ್‌ಪಿಟ್ಟಿನಲ್ಲಿ ಮತ್ತೊಮ್ಮೆ ಎಣಿಕೆ, ಒಂದು ಕೆಮ್ಮು, ನೀಲಿ-ಬಿಳಿ ಹೊಗೆಯ ಒಂದು ಉಂಡೆ, ಇನ್ನೊಂದು ಕೆಮ್ಮು. ಬಿಡಿಬಿಡಿಯಾಗಿದ್ದ ಸಿಡಿತಗಳು ಹತ್ತಿರ ಹತ್ತಿರ ಬಂದು, ಒಂದರೊಳಗೊಂದು ಬೆರೆತು, ಕೊನೆಗೆ ಎದೆಗೂಡಿನಲ್ಲೇ ಕೇಳುವ ಒಂದೇ ಒಂದು ಗುನುಗಾಗಿ ನಿಲ್ಲುತ್ತವೆ. ಕಲಿಯುವವನು ಆಗ ಮೀಟರುಗಳ ಮುಳ್ಳುಗಳನ್ನು ನೋಡುತ್ತಾನೆ. ಕಲಿಸುವವನ ಕಿವಿ ಆ ಗುನುಗಿನೊಳಗೇ ಇರುತ್ತದೆ.

ನೆಲದ ಮೇಲೆ ಓಡುವಾಗ ಈ ವಿಮಾನಕ್ಕೆ ಹಿಂದುಮುಂದಾಗುವ ಒಂದು ಹುಟ್ಟುಗುಣವಿದೆ. ಅದರ ಭಾರದ ಕೇಂದ್ರ ಮುಖ್ಯ ಗಾಲಿಗಳ ಹಿಂದೆ ಇರುವುದರಿಂದ, ಚೂರು ಓರೆಯಾದರೂ ಆ ಓರೆ ತಾನಾಗಿ ಬೆಳೆಯುತ್ತ ಹೋಗುತ್ತದೆ. ಬಿಟ್ಟರೆ ಬಾಲ ಮುಂದೆ ಬಂದು ವಿಮಾನ ಗಿರ್ರನೆ ತಿರುಗಿಬಿಡುತ್ತದೆ. ತಿರುಗುವುದು ಕಣ್ಣಿಗೆ ಕಂಡ ಮೇಲೆ ತಿದ್ದಹೋದರೆ ತಡವಾಯಿತು. ಕಣ್ಣಿಗಿಂತ ಮೊದಲು ಅದು ಬೆನ್ನಿಗೆ, ಸೊಂಟಕ್ಕೆ ತಿಳಿಯಬೇಕು, ತಿಳಿದದ್ದು ಕಾಲಿಗೆ ಇಳಿಯಬೇಕು, ಕಾಲು ಪೆಡಲನ್ನು ಒಂದಿಷ್ಟೇ ಒತ್ತಿ ಕೂಡಲೇ ಬಿಡಬೇಕು. ರಬಕವಿ-ಬನಹಟ್ಟಿಯ ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತ ಹಿರಿಯ ನೇಕಾರರನ್ನು ನೋಡಿದವರಿಗೆ ಈ ಅರಿವಿನ ಗುರುತು ಹತ್ತೀತು. ಲಾಳಿ ಆಚೆ ಈಚೆ ಹಾಯುತ್ತಿರುತ್ತದೆ, ಕಣ್ಣು ಸೀರೆಯ ಅಂಚಿನ ಮೇಲೆ ನೆಟ್ಟಿರುತ್ತದೆ, ಕಾಣದ ಕುಣಿಯೊಳಗೆ ಪಾದಗಳು ಮಾತ್ರ ತಮ್ಮಷ್ಟಕ್ಕೆ ತಾವು ಒಂದನ್ನು ತುಳಿದು ಒಂದನ್ನು ಎತ್ತುತ್ತಿರುತ್ತವೆ. ಅವುಗಳಿಗೆ ಅದನ್ನು ಹೇಳಿಕೊಟ್ಟ ಮಾತು ಯಾವುದೆಂದು ಯಾರನ್ನು ಕೇಳುವುದು? ಪಕ್ಕದಲ್ಲಿ ಕೂತು ದುಡಿದ ಇನ್ನೊಂದು ಜೋಡಿ ಪಾದಗಳೇ ಅವುಗಳ ಗುರು.

ಹೀಗೆ ತುಳಿಯುತ್ತ ಬಿಡುತ್ತ ವೇಗ ಕೂಡಿದಂತೆ ಒಂದು ಗಳಿಗೆ ಬರುತ್ತದೆ: ಗಾಲಿಗಳಿನ್ನೂ ನೆಲದ ಮೇಲಿರುವಾಗಲೇ ಬಾಲ ತಾನೇ ಹಗುರಾಗಿ ಮೇಲೇಳುತ್ತದೆ, ಮೂಗು ಬಾಗುತ್ತದೆ, ಅಷ್ಟು ಹೊತ್ತೂ ಮರೆಯಾಗಿದ್ದ ದಾರಿ ಉದ್ದಕ್ಕೂ ಕಣ್ಣೆದುರು ತೆರೆದುಕೊಳ್ಳುತ್ತದೆ. ಕಾಣದೆ ಓಡಲು ಒಪ್ಪಿದವನಿಗಷ್ಟೇ ಸಿಗುವ ದರ್ಶನ ಅದು.

ಹಾರಾಟದ ನಡುವೆ ಗುರು ಮಾಡುವ ಕೆಲಸವೊಂದು ನನ್ನನ್ನು ಬಹಳವಾಗಿ ಕಾಡುತ್ತದೆ. ಎಲ್ಲವೂ ಸಮವಾಗಿ ಸಾಗುತ್ತಿರುವಾಗ ಅವರು ಒಂದು ಎಂಜಿನ್ನಿನ ಥ್ರಾಟಲನ್ನು ಸದ್ದಿಲ್ಲದೆ ಹಿಂದಕ್ಕೆಳೆದು ಬಿಡುತ್ತಾರೆ. ಒಮ್ಮೆಲೇ ವಿಮಾನ ಆ ಬದಿಗೆ ಎಳೆಯತೊಡಗುತ್ತದೆ. ಶಿಷ್ಯನ ಕಾಲು ಇನ್ನೊಂದು ಬದಿಯ ಪೆಡಲನ್ನು ಬಲವಾಗಿ ಒತ್ತಿ ಮೂಗನ್ನು ನೇರ ಮಾಡುತ್ತದೆ, ಮತ್ತೊಂದು ಕಾಲು ಕೆಲಸವಿಲ್ಲದೆ ಸುಮ್ಮನಾಗುತ್ತದೆ. ಸುಮ್ಮನಾದ ಕಾಲಿನ ಕಡೆಯ ಎಂಜಿನ್ನೇ ಸತ್ತದ್ದು. ಗಾಬರಿಯಲ್ಲಿ ಕಣ್ಣು ತಪ್ಪು ಓದೀತು, ಕೈ ಬದುಕಿದ್ದ ಎಂಜಿನ್ನನ್ನೇ ನಿಲ್ಲಿಸೀತು. ಆದ್ದರಿಂದ ಆಗ ಮೊದಲ ಸಾಕ್ಷಿ ಕಾಲಿನದು. ನಿಜವಾಗಿ ಎಂಜಿನ್ ನಿಂತರೆ ಪ್ರೊಪೆಲ್ಲರಿನ ಅಲಗುಗಳನ್ನು ಗಾಳಿಗೆ ಅಡ್ಡವಾಗದಂತೆ ಅಂಚು ಮಾಡಿ ತಿರುಗಿಸಿ ನಿಲ್ಲಿಸುತ್ತಾರೆ. ಉಳಿದ ಒಂದೇ ಎಂಜಿನ್ನು ಇಬ್ಬರ ಭಾರ ಹೊತ್ತು ಮನೆ ಮುಟ್ಟಿಸುತ್ತದೆ.

ಡಿಸಿ-3 ಎಂಬ ಮೂಲ ಹೆಸರಿನ ಈ ವಿಮಾನ ಮೊದಲ ಸಲ ನೆಲ ಬಿಟ್ಟದ್ದು 1935ರ ಡಿಸೆಂಬರ್ 17ರಂದು, ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ. ರೈಟ್ ಸಹೋದರರು ಹಾರಿ ಅಂದಿಗೆ ಸರಿಯಾಗಿ ಮೂವತ್ತೆರಡು ವರ್ಷ. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಯೋಧರನ್ನು ಹೊತ್ತು ಶ್ರೀನಗರದಲ್ಲಿ ಇಳಿದದ್ದು ಡಕೋಟಾ. 1948ರ ಮೇ 24ರಂದು ಏರ್ ಕಮೋಡೋರ್ ಮೆಹರ್ ಸಿಂಗ್ ಡಕೋಟಾವೊಂದನ್ನು ಹಿಮಾಲಯದ ಕಣಿವೆಗಳ ನಡುವಿನಿಂದ ಒಯ್ದು, ಸೋನಂ ನೊರ್ಬು ಎಂಬ ಲಡಾಖಿ ಎಂಜಿನಿಯರ್ ಕಟ್ಟಿಸಿದ್ದ ಲೇಹ್‌ನ ಕಚ್ಚಾ ರನ್‌ವೇಯ ಮೇಲೆ, ಹತ್ತು ಸಾವಿರ ಅಡಿಗಿಂತ ಎತ್ತರದಲ್ಲಿ ಇಳಿಸಿದರು. ಆ ವಿಮಾನದಲ್ಲಿ ಮಡಿಕೇರಿಯ ಮಗ, ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ ಕೂತಿದ್ದರು. ತೆಳುವಾದ ಗಾಳಿಯಲ್ಲಿ ಎಂಜಿನ್ನುಗಳು ಏದುಸಿರು ಬಿಡುತ್ತಿದ್ದಾಗ, ಎರಡೂ ಬದಿಗೆ ಹಿಮದ ಗೋಡೆಗಳಿದ್ದಾಗ, ಮೆಹರ್ ಸಿಂಗರ ಪಾದಗಳು ಪೆಡಲುಗಳ ಮೇಲೆ ಎಷ್ಟು ಹಗುರಾಗಿ, ಎಷ್ಟು ಎಚ್ಚರವಾಗಿ ಇದ್ದಿರಬೇಕು ಎಂದು ನೆನೆದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

1980ರ ದಶಕದ ಕೊನೆಯ ಹೊತ್ತಿಗೆ ನಮ್ಮ ವಾಯುಪಡೆ ಡಕೋಟಾಗಳನ್ನು ಬೀಳ್ಕೊಟ್ಟಿತು. ಅವುಗಳನ್ನು ಹಾರಿಸಿದವರು ಒಬ್ಬೊಬ್ಬರಾಗಿ ನಿವೃತ್ತರಾದರು. ಇಂದು ಸಾಗಣೆ ವಿಮಾನಗಳ ಪೈಲಟ್ಟುಗಳು ಯಲಹಂಕದಲ್ಲಿ ಪಳಗುವ ಡಾರ್ನಿಯರ್, ಎಎನ್-32 ವಿಮಾನಗಳಿಗೆ ಮೂಗಿನ ಅಡಿಯಲ್ಲೇ ಗಾಲಿ. ಎದುರಿನ ದಾರಿ ಮೊದಲಿನಿಂದಲೂ ಕಾಣುತ್ತದೆ. ಈ ನಡುವೆ ಬಂತು ‘ಪರಶುರಾಮ’ ಎಂಬ ಹೆಸರಿನ ಡಕೋಟಾ. ತಂದೆ ಏರ್ ಕಮೋಡೋರ್ ಎಂ.ಕೆ. ಚಂದ್ರಶೇಖರ್ ಡಕೋಟಾ ಪೈಲಟ್ ಆಗಿದ್ದುದರಿಂದ, ಅಂದು ಕರ್ನಾಟಕದ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಒಂದು ಹಳೆಯ ಡಕೋಟಾವನ್ನು ಕೊಂಡು, ಬ್ರಿಟನ್ನಿನಲ್ಲಿ ದುರಸ್ತಿ ಮಾಡಿಸಿ, ವಾಯುಪಡೆಗೆ ಕಾಣಿಕೆಯಾಗಿ ಕೊಟ್ಟರು. 2018ರ ಏಪ್ರಿಲ್‌ನಲ್ಲಿ ಅದು ಕೊವೆಂಟ್ರಿಯಿಂದ ಹೊರಟು ಫ್ರಾನ್ಸ್, ಇಟಲಿ, ಗ್ರೀಸ್ ದಾಟಿ, ಅರಬ್ ನಾಡುಗಳ ಮರಳು ದಾಟಿ, ನೆಲದಿಂದ ನೆಲಕ್ಕೆ ಇಳಿದು ಏರುತ್ತ ಬಂತು; ಅದನ್ನು ಹಾರಿಸಿ ತಂದ ತಂಡದಲ್ಲಿ ದುರಸ್ತಿ ಮಾಡಿದ ಬ್ರಿಟಿಷರೊಡನೆ ನಮ್ಮ ವಾಯುಪಡೆಯವರೂ ಇದ್ದರು. ದಿನಗಟ್ಟಲೆಯ ಆ ನಿಧಾನದ ಹಾದಿಯೇ ಒಂದು ಪಾಠಶಾಲೆ ಎನಿಸುತ್ತದೆ ನನಗೆ. 1947ರ ಶ್ರೀನಗರದ ನೆನಪಿಗಾಗಿ ಬಾಲದ ಮೇಲೆ ವಿಪಿ 905 ಎಂದು ಬರೆಸಿಕೊಂಡು, ಮೇ 4ರಂದು ಅದು ಹಿಂಡನ್ ನೆಲೆಯಲ್ಲಿ ಪಡೆಗೆ ಸೇರಿತು. 2019ರಲ್ಲಿ ಏರೋ ಇಂಡಿಯಾದ ಹೊತ್ತಿಗೆ ಯಲಹಂಕದ ಮುಗಿಲಲ್ಲೂ ಆ ಗುನುಗು ಕೇಳಿತು. 2022ರ ಗಣರಾಜ್ಯೋತ್ಸವದಲ್ಲಿ ಎರಡು ಡಾರ್ನಿಯರುಗಳನ್ನು ಎರಡೂ ಮಗ್ಗುಲಲ್ಲಿ ಕರೆದುಕೊಂಡು ದೆಹಲಿಯ ಆಕಾಶದಲ್ಲಿ ಅದು ಮುಂದಾಳಾಗಿ ಹಾರಿತು.

ವಿಮಾನದ ಮೈಯನ್ನು ಕಾಪಾಡಲು ಒಂದು ಸೂರು ಸಾಕು. ತೊಳೆದು, ಬಣ್ಣ ಬಳಿದು, ಹಗ್ಗ ಕಟ್ಟಿ ನಿಲ್ಲಿಸಿದರೆ ನೂರು ವರ್ಷವೂ ನಿಂತೀತು. ಆದರೆ ಓರೆಯಾಗುವ ಮೊದಲೇ ಓರೆಯನ್ನು ಬಲ್ಲ ಪಾದವನ್ನು, ನಿಲ್ಲುವ ಮೊದಲೇ ಎಂಜಿನ್ನಿನ ದಣಿವನ್ನು ಕೇಳಬಲ್ಲ ಕಿವಿಯನ್ನು ಯಾವ ಸೂರಿನಡಿ ಇಡುವುದು? ಅವು ಉಳಿಯುವುದು ಇನ್ನೊಬ್ಬರ ಮೈಯಲ್ಲಿ ಮಾತ್ರ. ಎಡಗಡೆ ಕೂತ ಶಿಷ್ಯ, ಬಲಗಡೆ ಕೂತ ಗುರು, ಒಂದಕ್ಕೊಂದು ಜೋಡಿಸಿದ ಎರಡು ಜೊತೆ ಪೆಡಲುಗಳು: ಗುರು ಒತ್ತಿದ್ದು ಶಿಷ್ಯನ ಅಂಗಾಲಿಗೆ ತಿಳಿಯುತ್ತದೆ, ಶಿಷ್ಯ ತಡಮಾಡಿದ್ದು ಗುರುವಿನ ಅಂಗಾಲಿಗೆ ತಿಳಿಯುತ್ತದೆ. ಮೆಹರ್ ಸಿಂಗರಿಗೂ ಹೀಗೆಯೇ ಯಾರೋ ಒತ್ತಿ ತೋರಿಸಿರಬೇಕು, ಆ ಯಾರೋ ಇನ್ನೊಬ್ಬರಿಂದ ಕಲಿತಿರಬೇಕು. ಒಂದೇ ಒಂದು ತಲೆಮಾರು ಕಲಿಯದೆ ಉಳಿದರೂ ಕಡಿದುಹೋಗುವಷ್ಟು ನವಿರಾದದ್ದು, ಕಲಿಯುವವನೊಬ್ಬ ಬಂದು ಕೂತರೆ ಮತ್ತೆ ಚಿಗುರುವಷ್ಟು ಗಟ್ಟಿಯಾದದ್ದು ಈ ವಿದ್ಯೆ. ಅದು ಇಂದಿಗೂ ಜೀವಂತವಾಗಿದೆ ಎಂಬುದಕ್ಕಿಂತ ದೊಡ್ಡ ಬೆರಗು ಡಕೋಟಾದ ಹಾರಾಟದಲ್ಲಿ ನನಗೆ ಕಾಣುವುದಿಲ್ಲ.