ನಮ್ಮ ಅಂಗಳದ ನೀರು

ನಮ್ಮ ಅಂಗಳದಲ್ಲಿ ಬಿದ್ದ ಮಳೆ ಎಷ್ಟು ದೂರದವರೆಗೆ ನಮ್ಮದು? ಇಂಥ ಪ್ರಶ್ನೆ ಎತ್ತಿದರೆ ನಮ್ಮ ಮನೆಯವರು ನಗುತ್ತಾರೆ. ‘ಸಾಲಿಯೊಳಗ ಹುಡುಗರನ್ನ ಕೇಳಿದ್ದು ಸಾಲದೇನು, ಮನಿಯೊಳಗ ನಮ್ಮನ್ನೂ ಕೇಳ್ತಿ?’ ಎನ್ನುತ್ತಾರೆ. ಆದರೆ ಎರಡು ವರ್ಷದ ಹಿಂದಿನ ಒಂದು ಉತ್ತರಿ ಮಳೆಯ ಸಂಜೆಯಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಆ ಸಂಜೆ ಮಳೆ ನಿಂತ ಮೇಲೆ ನಾನು ಚಹಾಕ್ಕೆ ಇಟ್ಟಿದ್ದೆ. ಓಣಿಯ ಕೆಳಗಿನ ಮನೆಯ ಹುಡುಗಿ ಬಾಗಿಲಿಗೆ ಬಂದು ನಿಂತಳು. ‘ಅಕ್ಕಾರ, ಒಂದು ಬಕೀಟ ಇದ್ರ ಕೊಡ್ರಿ. ಮಗ್ಗದ ಕುಣಿಯಾಗ ನೀರ ನಿಂತೈತ್ರಿ’ ಎಂದಳು. ಬಕೆಟ್ ಕೊಟ್ಟೆ. ಕೊಟ್ಟ ಮೇಲೆ ಮನಸ್ಸು ತಡೆಯದೆ ಅವಳ ಹಿಂದೆಯೇ ಹೋದೆ. ಅವಳ ಆಯಿ, ಎಪ್ಪತ್ತು ದಾಟಿದಾಕೆ, ಸೀರೆ ಎತ್ತಿ ಕಟ್ಟಿಕೊಂಡು ತಪೇಲಿಯಿಂದ ನೀರು ಗೋರಿ ಹೊರಗೆ ಚೆಲ್ಲುತ್ತಿದ್ದಳು. ಕುಣಿಮಗ್ಗ ನೋಡಿದವರಿಗೆ ಗೊತ್ತು, ನೇಯುವವರು ಕಾಲು ಇಳಿಬಿಟ್ಟು ಕೂಡುವ ತಗ್ಗು ಅದು. ಕಾಲ್ಮಣೆಗಳೆಲ್ಲ ಅದರೊಳಗೇ ಇರುತ್ತವೆ. ಅದು ತುಂಬಿ ತುಳುಕಿತ್ತು. ಮೇಲೆ ಅರ್ಧ ನೇಯ್ದ ಸೀರೆ, ಹಾಸು ತೇವಕ್ಕೆ ಸಡಿಲಾಗಿ ಜೋತುಬಿದ್ದಿತ್ತು. ನೂಲು ಸಾವುಕಾರರದು, ಕೂಲಿ ಮಾತ್ರ ಇವರದು. ಸೀರೆ ಕೆಟ್ಟರೆ ಕೂಲಿಯೂ ಇಲ್ಲ, ಮೇಲೆ ಸಾಲ.

ಅವರ ಬಾಗಿಲಲ್ಲಿ ನಿಂತು ಹಿಂದಿರುಗಿ ನೋಡಿದೆ. ನನ್ನ ಮನೆಯ ಗೇಟಿನಿಂದ ನೀರು ಇನ್ನೂ ಸಣ್ಣಗೆ ಹರಿದು ಬರುತ್ತಿತ್ತು. ಹಿಂದಿನ ವರ್ಷವಷ್ಟೇ ನಾನು ಅಂಗಳಕ್ಕೆಲ್ಲ ಸಿಮೆಂಟು ಹಾಕಿಸಿದ್ದೆ. ಕೆಸರಾಗಬಾರದು, ಗುಡಿಸಲು ಸುಲಭವಾಗಬೇಕು, ಮಗನ ಸ್ಕೂಟರು ಸರಾಗ ಒಳಗೆ ಬರಬೇಕು ಎಂದು. ಗೇಟಿನ ಮುಂದೆ ಗಟಾರದ ಮೇಲೊಂದು ಇಳಿಜಾರನ್ನೂ ಕಟ್ಟಿಸಿದ್ದೆ. ಗವಂಡಿ ‘ನೀರ ಒಂದ ಹನಿ ನಿಲ್ಲಂಗಿಲ್ರಿ ಅಕ್ಕಾರ’ ಎಂದು ಹೆಮ್ಮೆಯಿಂದ ಹೇಳಿದ್ದ. ನಿಲ್ಲಲಿಲ್ಲ, ನಿಜ. ಅದು ಎಲ್ಲಿಗೆ ಹೋಗುತ್ತದೆ ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಅದೇ ನೀರು ಗೋರಲು ನನ್ನದೇ ಬಕೆಟ್ಟು!

ಇದು ಯಾವ ಊರೆಂದು ಹೇಳುವುದಿಲ್ಲ. ಹೇಳಿದರೆ ಓಣಿಯವರು ನನ್ನ ಮೇಲೆ ಸಿಟ್ಟಾದಾರು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕೂ ಕಡೆ ನಾನು ಕಲಿಸಿದ್ದೇನೆ, ಬಾಡಿಗೆ ಮನೆಗಳಲ್ಲಿ ಇದ್ದಿದ್ದೇನೆ. ಇವುಗಳಲ್ಲಿ ಯಾವುದಾದರೂ ಒಂದೆಂದು ತಿಳಿಯಿರಿ. ಓದುವ ನಿಮ್ಮ ಊರಾದರೂ ತಪ್ಪಾಗಲಿಕ್ಕಿಲ್ಲ.

ನಮ್ಮ ಓಣಿಯಲ್ಲಿ ಇಪ್ಪತ್ತೆರಡು ಮನೆ. ಮೊದಲು ಮಣ್ಣಿನ ಹಾದಿ, ಎರಡೂ ಬದಿ ಕಲ್ಲಿನ ಗಟಾರ, ಮನೆಗಳ ಮುಂದೆ ಫರ್ಶಿ ಹಾಸಿದ ಕಟ್ಟೆ. ಆಮೇಲೆ ಡಾಂಬರು ಬಂತು. ಡಾಂಬರು ಕಿತ್ತು ಹೋದಾಗ ಅದನ್ನು ತೆಗೆಯದೆ ಮೇಲೆಯೇ ಕಾಂಕ್ರೀಟು ಬಂತು. ಅದು ಒಡೆದಾಗ ಅದರ ಮೇಲೆ ಇನ್ನೊಂದು. ಪ್ರತಿ ಸಲ ಗೇಣು, ಅರ್ಧ ಗೇಣು ರಸ್ತೆ ಮೇಲೇರಿತು. ಹೊಸ ಮನೆ ಕಟ್ಟಿಸುವವರು ತಳಪಾಯ ಎತ್ತರಿಸಿಕೊಂಡರು. ಹಳೆಯ ಮಾಳಿಗೆ ಮನೆಯವರು ಏನು ಎತ್ತರಿಸಿಯಾರು? ಒಂದು ಕಾಲಕ್ಕೆ ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಆಯಿಯ ಮನೆಗೆ ಈಗ ಒಂದು ಮೆಟ್ಟಿಲು ಇಳಿದು ಹೋಗಬೇಕು. ಮನೆ ಇದ್ದಲ್ಲೇ ಇದೆ, ಊರು ಮೇಲೆದ್ದಿದೆ.

ಕೊನೆಯ ಕಾಂಕ್ರೀಟಿಗೆ ಮೊದಲು ಓಣಿಯವರನ್ನು ಕೇಳಲಿಲ್ಲ ಎನ್ನುವಂತಿಲ್ಲ. ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಸಭೆ ಆಗಿತ್ತು. ರಸ್ತೆ ಬೇಕೆನ್ನುವವರು ಕೈ ಎತ್ತಿ ಎಂದರು. ನಾನೂ ಎತ್ತಿದೆ. ಹೆಂಗಸರೆಂದರೆ ಅಲ್ಲಿ ನಾನು, ನರ್ಸಬಾಯಿ, ಹಿಂದೆ ಕಂಬಕ್ಕೆ ಆನಿಕೊಂಡು ನಿಂತ ಆಯಿ, ಮೂವರೇ. ಕೆಳಗಿನ ಬಾಡಿಗೆ ಮನೆಯವರನ್ನು ಯಾರೂ ಕರೆದೇ ಇರಲಿಲ್ಲ, ಮನೆ ಮಾಲೀಕರು ಬಂದಿದ್ದರು. ಆಯಿ ಕೈ ಎತ್ತಿದಳೋ ಇಲ್ಲವೋ ನನಗೆ ನೆನಪಿಲ್ಲ. ಈ ನೆನಪಿಲ್ಲದಿರುವುದೂ ನನ್ನನ್ನು ಕಾಡುತ್ತದೆ.

ಕುಣಿ ತುಂಬಿದ ಮರುದಿನ ಅವಳನ್ನೇ ಕೇಳಿದೆ. ‘ಆಯಿ, ಅವತ್ತ ಯಾಕ ಸುಮ್ಮನಿದ್ದಿ?’ ಅವಳು ಕುಂಚಿಗೆ ಹಿಡಿದು ಹಾಸಿಗೆ ಗಂಜಿ ಸವರುತ್ತಲೇ ಹೇಳಿದಳು: ‘ಎಲ್ಲಾರೂ ರಸ್ತೆ ಬೇಕ ಅಂದ್ರಿ. ನಾ ಒಬ್ಬಾಕಿ ಬ್ಯಾಡ ಅಂದಿದ್ರ, ರಸ್ತೆ ಆಗದಿದ್ರ, ದಿನಾ ಬೆಳಗಾದ್ರ ನಿಮ್ಮ ಮಾರಿ ಹ್ಯಾಂಗ ನೋಡ್ಲೆವ್ವಾ?’

ಶಾಲೆಯಲ್ಲಿ ಹುಡುಗರು ತಪ್ಪು ಮಾಡಿ ‘ಗೊತ್ತಿರಲಿಲ್ರಿ ಅಕ್ಕಾರ’ ಎನ್ನುತ್ತಾರೆ. ಗೊತ್ತಿಲ್ಲದಿರುವುದು ಬೇರೆ, ನೋಡದಿರುವುದು ಬೇರೆ ಎಂದು ಮೂವತ್ತು ವರ್ಷ ಅವರಿಗೆ ಹೇಳುತ್ತಾ ಬಂದವಳು ನಾನು. ಅಂದು ರಾತ್ರಿ ಕುಳಿತು ಲೆಕ್ಕ ಹಾಕಿದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. ನಮ್ಮದು ಮೂವತ್ತು-ನಲವತ್ತರ ಜಾಗ, ಅಂದರೆ 111 ಚದರ ಮೀಟರಿಗೆ ಸ್ವಲ್ಪ ಹೆಚ್ಚು. ಒಂದು ಸಂಜೆ 50 ಮಿಲಿಮೀಟರು ಸುರಿದರೆ ಐದೂವರೆ ಸಾವಿರ ಲೀಟರು. ಹದಿನೈದು ಲೀಟರಿನ ಕೊಡದ ಲೆಕ್ಕದಲ್ಲಿ ಸುಮಾರು 370 ಕೊಡ! ಬೇಸಿಗೆಯಲ್ಲಿ ನಳದ ಮುಂದೆ ಎರಡು ಕೊಡಕ್ಕಾಗಿ ಜಗಳಾಡುವ ನಾವು, ಮಳೆಗಾಲದ ಒಂದೇ ಸಂಜೆ 370 ಕೊಡ ನೀರನ್ನು ಒಯ್ದು ಇನ್ನೊಬ್ಬರ ಮನೆಯೊಳಗೆ ಸುರಿದು ಬರುತ್ತೇವೆ. ಮಣ್ಣಿನ ಅಂಗಳವಿದ್ದಾಗ ಅದರಲ್ಲಿ ಒಂದಷ್ಟಾದರೂ ಇಂಗುತ್ತಿತ್ತು, ಒಂದಷ್ಟು ತಡೆದು ನಿಧಾನ ಹೋಗುತ್ತಿತ್ತು.

2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಮುಧೋಳ ತಾಲೂಕಿನ ಊರುಗಳಿಗೆ ನುಗ್ಗಿದಾಗ ನಾವೆಲ್ಲ ಹಳೆ ಸೀರೆ, ರೊಟ್ಟಿ, ಚಟ್ನಿಪುಡಿ ಕಟ್ಟಿಕೊಂಡು ಕಾಳಜಿ ಕೇಂದ್ರಗಳಿಗೆ ಹೋಗಿದ್ದೆವು. ಆಗ ಯಾರ ತಪ್ಪು ಎಂದು ನಾನು ಕೇಳಿಕೊಂಡಿರಲಿಲ್ಲ. ನದಿಯೆಂದರೆ ದೇವರು, ಅದು ಬರುತ್ತದೆ, ಹೋಗುತ್ತದೆ. ಓಣಿಯ ನೀರಿಗೆ ಆ ಮಾತು ಹೇಳಲಾಗುವುದಿಲ್ಲ. ಅದು ನನ್ನ ಗೇಟಿನಿಂದ ಹೊರಟದ್ದನ್ನು ಕಣ್ಣಾರೆ ಕಂಡೆನಲ್ಲ!

ನಮ್ಮ ಭಾಗದ ಜನ ಸರಕಾರದ ದಾರಿ ಕಾಯುತ್ತ ಕೂಡುವವರಲ್ಲ. 1989ರಲ್ಲಿ ಚಿಕ್ಕಪಡಸಲಗಿಯ ಹತ್ತಿರ ಕೃಷ್ಣೆಗೆ ರೈತರೇ ಬ್ಯಾರೇಜು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರ ಎಂದೇ ಹೆಸರು. ಮುಂದಾಳು ಸಿದ್ದು ನ್ಯಾಮಗೌಡರನ್ನು ಜನ ‘ಬ್ಯಾರೇಜ್ ಸಿದ್ದು’ ಎಂದೇ ಕರೆದರು, 1991ರಲ್ಲಿ ಲೋಕಸಭೆಗೂ ಕಳಿಸಿದರು. ಅವರು 2018ರಲ್ಲಿ ಅಪಘಾತದಲ್ಲಿ ತೀರಿಕೊಂಡರು. ಬ್ಯಾರೇಜು ಕಟ್ಟುವಾಗ ನಾನು ಕಾಲೇಜಿನ ಹುಡುಗಿ. ಹಣ ಇದ್ದವರು ಹಣ, ಇಲ್ಲದವರು ಮೈಬೆವರು ಕೊಟ್ಟ ಸುದ್ದಿ ಮನೆಮನೆಯಲ್ಲಿ ಹಬ್ಬದ ಹಾಗೆ ಇತ್ತು. ಅಂಥ ನದಿಗೆ ಗೋಡೆ ಹಾಕಿದ ಜನಕ್ಕೆ ಇಪ್ಪತ್ತೆರಡು ಮನೆಯ ಒಂದು ಗಟಾರ ಯಾಕೆ ಆಗುವುದಿಲ್ಲ ಎಂದು ಬಹಳ ಸಲ ಯೋಚಿಸಿದ್ದೇನೆ. ನನಗೆ ತೋಚುವುದು ಇಷ್ಟು: ಅಲ್ಲಿ ಎಲ್ಲರಿಗೂ ನೀರು ಬೇಕಿತ್ತು. ಇಲ್ಲಿ ಎಲ್ಲರಿಗೂ ನೀರು ಬೇಡವಾಗಿದೆ. ಬೇಕಾದದ್ದನ್ನು ಹಂಚಿಕೊಳ್ಳುವುದಕ್ಕಿಂತ ಬೇಡವಾದದ್ದನ್ನು ಹಂಚಿಕೊಳ್ಳುವುದು ಕಷ್ಟ. ಅತ್ತೆ-ಮಾವನ ಆಸ್ತಿಗೂ ಅವರ ಮುಪ್ಪಿನ ಸೇವೆಗೂ ಇರುವ ವ್ಯತ್ಯಾಸ ತಿಳಿದ ನನ್ನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬೀಳಗಿಯಲ್ಲಿದ್ದಾಗ ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟುಕೊಟ್ಟ ಮನೆಗಳ ಮಕ್ಕಳು ನನ್ನ ತರಗತಿಯಲ್ಲಿದ್ದರು. ‘ನಮ್ಮ ಊರು’ ಎಂದು ಪ್ರಬಂಧ ಬರೆಯಿಸಿದರೆ ಒಬ್ಬ ಹುಡುಗಿ ಬರೆದಿದ್ದಳು, ಹೊಸ ಊರಿನಲ್ಲಿ ರಸ್ತೆ ನೆಟ್ಟಗಿವೆ, ಅಗಲ ಇವೆ, ಆದರೆ ನಮ್ಮ ಅಮ್ಮ ಕೂಡುವ ಕಟ್ಟೆ ಇಲ್ಲ ಎಂದು. ಕೆಳಗಿನವರು ಮುಳುಗಿದ್ದರಿಂದ ಎಷ್ಟೋ ಹೊಲಗಳಿಗೆ ಕಾಲುವೆ ನೀರು ಬಂತು. ಅದು ಬೇಡವೆಂದು ನಾನು ಹೇಳಲಾರೆ, ಆ ನೀರಿನ ಜೋಳ ನಾನೂ ಉಂಡಿದ್ದೇನೆ. ಆದರೆ ನಕ್ಷೆ ಬರೆದವರು ಆ ಅಮ್ಮನನ್ನು ಒಮ್ಮೆ ಕೇಳಿದ್ದರೆ ಒಂದು ಕಟ್ಟೆಗೆ ಎಷ್ಟು ಖರ್ಚಾಗುತ್ತಿತ್ತು?

ಕೇಳುವುದು ಎಂದರೂ ಯಾರನ್ನು, ಯಾವಾಗ, ಎಲ್ಲಿ ಎನ್ನುವುದಿದೆ. 1992ರಲ್ಲಿ ಸಂವಿಧಾನಕ್ಕೆ 74ನೆಯ ತಿದ್ದುಪಡಿ ಆಯಿತು. ಊರಿನ ಆಡಳಿತದಲ್ಲಿ ವಾರ್ಡು ಸಮಿತಿ ಎಂಬ ಮಾತು ಬಂತು. ಆದರೆ ಅದು ಸಮಿತಿಯನ್ನು ಕಡ್ಡಾಯ ಮಾಡಿದ್ದು ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನರಿರುವ ಊರುಗಳಿಗೆ. ನಮ್ಮ ನಾಲ್ಕು ಊರುಗಳಲ್ಲಿ ಯಾವುದೂ ಅಷ್ಟು ದೊಡ್ಡದಲ್ಲ. ಹಾಗಾಗಿ ನಮಗೆ ಹನುಮಪ್ಪನ ಕಟ್ಟೆಯೇ ಗತಿ. ಅಲ್ಲಿ ಕೈಗಳ ಲೆಕ್ಕ ನಡೆಯುತ್ತದೆ. ಹದಿನೇಳು ಮನೆ ಮೇಲೆ, ಐದು ಮನೆ ಕೆಳಗೆ ಇದ್ದರೆ ಲೆಕ್ಕ ಯಾವಾಗಲೂ ಮೇಲಿನವರ ಕಡೆಗೇ. ದೀಪ ಎಲ್ಲಿ ಹಾಕಬೇಕು, ಕಟ್ಟೆಗೆ ಯಾವ ಬಣ್ಣ ಎನ್ನುವುದನ್ನು ಹೀಗೆ ಕೈ ಎಣಿಸಿ ತೀರ್ಮಾನಿಸಬಹುದು. ಐದು ಮನೆಯೊಳಗೆ ನೀರು ನುಗ್ಗಲಿ ಎಂದು ತೀರ್ಮಾನಿಸುವ ಅಧಿಕಾರ ಹದಿನೇಳು ಕೈಗಳಿಗೆ ಇದೆಯೇ? ಇಲ್ಲ ಎಂದೇ ನಾನು ಈಗ ತಿಳಿದಿದ್ದೇನೆ, ಕೈ ಎತ್ತಿದವಳಾಗಿಯೂ.

ಮುಂದಿನ ಮಳೆಗಾಲ ನಾವು ಕೆಲವು ಹೆಂಗಸರು ಒಂದು ಕೆಲಸ ಮಾಡಿದೆವು. ಶಾಲೆಯಿಂದ ಬಣ್ಣದ ಸೀಮೆಸುಣ್ಣ ತಂದಿದ್ದೆ. ಮಳೆ ಜೋರಾದ ಕೂಡಲೇ ಕೊಡೆ ಹಿಡಿದು ಹೊರಟು, ಪ್ರತಿ ಮನೆಯ ಗೋಡೆಯ ಮೇಲೆ ನೀರು ಎಲ್ಲಿಯವರೆಗೆ ಬಂತೋ ಅಲ್ಲಿ ಗೆರೆ ಎಳೆದೆವು. ನೀರು ಯಾವ ಗೇಟಿನಿಂದ ಹೊರಟು ಎಲ್ಲಿ ತಿರುಗುತ್ತದೆ ಎಂದು ಹುಡುಗಿಯರು ನೋಟುಬುಕ್ಕಿನಲ್ಲಿ ಬರೆದುಕೊಂಡರು. ಗಂಡಸರು ಬಾಗಿಲಲ್ಲಿ ನಿಂತು ನಕ್ಕರು. ಮಳೆ ನಿಂತ ಮೇಲೆ ಮಾತ್ರ ಯಾರೂ ನಗಲಿಲ್ಲ. ಮೇಲಿನ ಮನೆಗಳಲ್ಲಿ ಗೆರೆಯೇ ಇಲ್ಲ. ನಡುವೆ ಪಾದದೆತ್ತರ. ಕೊನೆಯ ಐದು ಮನೆಗಳಲ್ಲಿ ಮೊಣಕಾಲೆತ್ತರ. ಬಾಯಿಮಾತಿಗಿಂತ ಗೋಡೆಯ ಗೆರೆ ಜೋರು.

ಸಂಬಂಧಪಟ್ಟ ಕಚೇರಿಯ ಕಿರಿಯ ಎಂಜಿನಿಯರು ಬಂದಾಗ ಆ ಗೆರೆಗಳನ್ನು ತೋರಿಸಿದೆವು. ಒಳ್ಳೆಯ ಹುಡುಗ, ಬೂಟು ಬಿಚ್ಚಿ ಗಟಾರಕ್ಕಿಳಿದು ನೋಡಿದ. ಗಟಾರ ದೊಡ್ಡದು ಮಾಡಿದರೆ ಸಾಲದು, ನೀರು ಮೇಲೆಯೇ ತಡೆಯಬೇಕು ಎಂದ. ದೊಡ್ಡ ದೊಡ್ಡ ಊರುಗಳೂ ಈಗ ಇದೇ ದಾರಿ ಹಿಡಿದಿವೆ. 2011ರ ಜುಲೈನಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ಪಟ್ಟಣ ಒಂದೇ ಮಳೆಗೆ ಮುಳುಗಿದ ಮೇಲೆ, ಉದ್ಯಾನಗಳನ್ನೂ ರಸ್ತೆಗಳನ್ನೂ ನೀರು ಹಿಡಿದು ನಿಧಾನ ಬಿಡುವ ಹಾಗೆ ಮಾಡಹೊರಟರು. ಬೆಂಗಳೂರಿನಲ್ಲಿ 2009ರಲ್ಲೇ ಮಳೆನೀರು ಕೊಯ್ಲಿಗೆ ಕಾನೂನು ಬಂದಿದೆ. ನಮ್ಮಲ್ಲಿ ಎರೆಮಣ್ಣಿನದೊಂದು ತೊಡಕು. ಅದು ನೀರು ಕುಡಿದು ಉಬ್ಬುತ್ತದೆಯೇ ಹೊರತು ಕೆಳಗೆ ಬೇಗ ಇಳಿಯಗೊಡುವುದಿಲ್ಲ. ಇಂಗುಗುಂಡಿ ತೋಡಿದರೆ ಎರೆ ದಾಟಿ ಗರಸಿನವರೆಗೆ ಹೋಗಬೇಕು, ದಪ್ಪ ಕಲ್ಲು, ಸಣ್ಣ ಕಲ್ಲು, ಮರಳು ತುಂಬಬೇಕು. ಮಾಳಿಗೆಯ ನೀರನ್ನಷ್ಟೇ ಬಿಡಬೇಕು, ಬಚ್ಚಲ ನೀರು ಕೂಡಿಸಬಾರದು. ನಮ್ಮ ಮನೆಯಲ್ಲಿ ಆರಡಿಗೆ ಗರಸು ಸಿಕ್ಕಿತು. ಪಕ್ಕದವರಿಗೆ ಹತ್ತಡಿ ತೋಡಿದರೂ ಸಿಗದೆ, ಗುಂಡಿ ಕೆಸರಿನ ಹೊಂಡವಾಗಿ, ಸೊಳ್ಳೆಯ ಪಾಪವೆಲ್ಲ ನನ್ನ ತಲೆಗೆ ಬಂತು.

ಎರಡನೆಯ ಸಭೆಗೆ ನಾನೊಂದು ಹಟ ಹಿಡಿದೆ. ಸಂಜೆ ಅಡಿಗೆಯ ಹೊತ್ತಿಗಲ್ಲ, ಮಧ್ಯಾಹ್ನ ಮೂರಕ್ಕೆ ಸೇರಬೇಕು, ಬಾಡಿಗೆಯವರೂ ಬರಬೇಕು, ಎಲ್ಲರಿಗಿಂತ ಕೆಳಗಿನ ಮನೆಯವರು ಮೊದಲು ಮಾತಾಡಬೇಕು. ‘ಇದ್ಯಾವ ಕಾನೂನ್ರಿ?’ ಎಂದು ಒಬ್ಬರು ಕೇಳಿದರು. ಕಾನೂನಲ್ಲ, ಪಂಕ್ತಿಯಲ್ಲಿ ಕೊನೆಗೆ ಕೂತವರಿಗೆ ಸಾರು ಮುಟ್ಟಿತೇ ಎಂದು ಬಡಿಸುವವಳು ಮೊದಲು ನೋಡುವುದಿಲ್ಲವೇ ಎಂದೆ. ಬಾಡಿಗೆ ಮನೆಯ ಹೊಸ ಸೊಸೆ, ಕೂಸನ್ನು ಎತ್ತಿಕೊಂಡವಳು, ಮಳೆ ಬಂದ ರಾತ್ರಿ ತೊಟ್ಟಿಲನ್ನು ಜಂತಿಗೆ ಇನ್ನೂ ಮೇಲೆ ಕಟ್ಟುತ್ತೇವೆ ಎಂದಷ್ಟೇ ಹೇಳಿ ಕೂತಳು.

ಹದಿನೇಳರಲ್ಲಿ ಒಂಬತ್ತು ಮನೆಯವರು ಅಂಗಳದಲ್ಲಿ ಒಂದು ಪಟ್ಟಿ ಮಣ್ಣು ಬಿಡಲು ಒಪ್ಪಿದರು. ಮೇಲಿನ ದೊಡ್ಡ ಮನೆಯವರು ‘ನಮ್ಮ ಜಾಗಾ, ನಮ್ಮ ಸಿಮೆಂಟು’ ಎಂದು ಬಾಗಿಲು ಹಾಕಿಕೊಂಡರು. ಅವರ ಮೇಲೆ ನನಗೆ ಸಿಟ್ಟು ಬಂತು. ಆದರೆ ಮೂರು ವರ್ಷದ ಹಿಂದೆ ಅದೇ ಮಾತನ್ನು ಬಾಯಿ ಬಿಡದೆ ಆಡಿದವಳು ನಾನೇ ಅಲ್ಲವೇ! ಅವರಿಗೆ ಹೇಳಿ ನೋಡಬಹುದು, ಗೆರೆ ತೋರಿಸಬಹುದು. ಒತ್ತಾಯ ಮಾಡಬಹುದೇ? ನೀರು ಅವರ ಗೇಟು ದಾಟಿದ ಮೇಲೆ ಮಾಡಬಹುದು ಎಂದು ನನ್ನ ಒಂದು ಮನಸ್ಸು ಹೇಳುತ್ತದೆ. ದಿನಾ ಬೆಳಗಾದರೆ ಅವರ ಮಾರಿ ನೋಡಬೇಕಲ್ಲ ಎಂದು ಇನ್ನೊಂದು, ಆಯಿಯ ದನಿಯಲ್ಲೇ.

ನಮ್ಮ ಗೇಟಿನ ಇಳಿಜಾರು ಒಡೆಸಿದೆ. ಅರ್ಧ ಅಂಗಳದ ಸಿಮೆಂಟು ಕೀಳಿಸಿ ಬಾಳೆ, ಕೆಸು, ಒಂದು ಕರಿಬೇವು ಹಚ್ಚಿದ್ದೇನೆ. ಮಗ ದಿನಾ ಸ್ಕೂಟರನ್ನು ಎತ್ತಿ ಒಳಗೆ ತರುತ್ತ ಗೊಣಗುತ್ತಾನೆ. ಈ ಸಲದ ಉತ್ತರಿ ಮಳೆಗೆ ಆಯಿಯ ಮನೆಯ ಗೋಡೆಯ ಮೇಲೆ ಹೊಸ ಗೆರೆ ಹಳೆಯದಕ್ಕಿಂತ ನಾಲ್ಕು ಬೆರಳು ಕೆಳಗೆ ಬಂತು, ಹೊಸ್ತಿಲಿಗಿಂತ ಇನ್ನೂ ಮೇಲೆಯೇ. ಆಯಿ ಹೊಸ್ತಿಲಿಗೆ ಉಸುಕಿನ ಚೀಲ ಅಡ್ಡ ಇಟ್ಟಿದ್ದಳು. ಬಕೆಟ್ಟು ಅವಳ ಮನೆಯಲ್ಲೇ ಇದೆ, ತಿರುಗಿ ಕೇಳಿಲ್ಲ.